ಆಸ್ಪತ್ರೆಯಲ್ಲಿ ಗಾರೆಕೆಲಸ

ಸೂಕ್ಷ್ಮಜೀವಿಶಾಸ್ತ್ರದ ವೈದ್ಯೆಯಾಗಿ ನಾನು ಆಯುಷ್ಯದ ಬಹುಭಾಗವನ್ನು ಕಳೆದ ಆ ದೊಡ್ಡ ಆಸ್ಪತ್ರೆಯಲ್ಲಿ, ಯಾವುದಾದರೊಂದು ಮೂಲೆಯಲ್ಲಿ ಗಾರೆಕೆಲಸ ನಡೆಯದೆ ಇದ್ದ ಕಾಲವನ್ನು ನಾನು ಕಾಣಲಿಲ್ಲ. ಅರಸರ ಆಳಿಕೆಯಲ್ಲಿ ಕಟ್ಟಿದ ಹಳೆಯ ಭಾಗಕ್ಕೆ ಮದರಾಸು ತಾರಸಿ. ತೇಗದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಂಧಿಸಿದ ಆ ಛಾವಣಿಯು ಬೇಸಗೆಯಲ್ಲಿ ರೋಗಿಗಳಿಗೆ ತಂಪನ್ನೀಯುತ್ತಿತ್ತಾದರೂ, ಮಳೆಗಾಲ ಬಂದಿತೆಂದರೆ ಎಲ್ಲಿಯಾದರೊಂದೆಡೆ ಸೋರದೆ ಬಿಡುತ್ತಿರಲಿಲ್ಲ. ಆಮೇಲಿನ ದಶಕಗಳಲ್ಲಿ ಅದಕ್ಕೆ ಒತ್ತಿಕೊಂಡು ಎದ್ದ ಕಾಂಕ್ರೀಟಿನ ಕಟ್ಟಡಗಳಿಗೂ ನೆಮ್ಮದಿಯಿರಲಿಲ್ಲ. ಹೊಸ ಯಂತ್ರವೊಂದು ಬಂದಾಗ ಒಂದು ಗೋಡೆ ಬೀಳಬೇಕು, ಆಮ್ಲಜನಕದ ಕೊಳವೆ ಹಾಯಬೇಕಾದಾಗ ಮತ್ತೊಂದನ್ನು ಕೊರೆಯಬೇಕು, ಹಾಸಿಗೆಗಳು ಸಾಲದಾದಾಗ ಪಡಸಾಲೆಯನ್ನು ಮುಚ್ಚಿ ವಾರ್ಡು ಮಾಡಬೇಕು. ಬೀಗ ಹಾಕಿಕೊಂಡು ದುರಸ್ತಿ ಮುಗಿಸುವ ಅನುಕೂಲ ಶಾಲೆಗಳಿಗುಂಟು, ಕಚೇರಿಗಳಿಗುಂಟು. ಗುಡಿಯ ಜೀರ್ಣೋದ್ಧಾರದ ಕಾಲದಲ್ಲಿ ದೇವರನ್ನೇ ಬಾಲಾಲಯಕ್ಕೆ ಬಿಜಮಾಡಿಸಿ, ಕೆಲಸ ಮುಗಿದ ಬಳಿಕ ಮರಳಿ ಪ್ರತಿಷ್ಠಿಸುವ ಸಂಪ್ರದಾಯ ನಮ್ಮಲ್ಲುಂಟು. ಆಸ್ಪತ್ರೆಗೆ ಮಾತ್ರ ಬಾಲಾಲಯವಿಲ್ಲ. ಅಲ್ಲಿ ಒಂದು ಗೋಡೆಯ ಈಚೆಗೆ ಸುತ್ತಿಗೆ, ಆಚೆಗೆ ಉಸಿರಿಗಾಗಿ ಹೆಣಗುತ್ತಿರುವ ಜೀವ. ಎರಡೂ ಏಕಕಾಲದಲ್ಲಿ ನಡೆಯಬೇಕು.

ಸೋಂಕುಗಳ ಅಧ್ಯಯನಕ್ಕೆಂದು ತರಬೇತಾಗಿ ಬಂದ ನಮ್ಮ ತಲೆಮಾರಿನವರ ಗಮನವು ವೈದ್ಯನ ಕೈ, ಶಸ್ತ್ರದ ಅಲಗು, ಕುಡಿಯುವ ನೀರು, ರೋಗಿಯ ಕಫ ಇವುಗಳ ಮೇಲೆ ನಿಂತಿತ್ತು. ಕಟ್ಟಡವು ಇಂಜಿನಿಯರುಗಳಿಗೆ ಸೇರಿದ್ದು, ಧೂಳು ಝಾಡಮಾಲಿಗಳಿಗೆ ಸೇರಿದ್ದು ಎಂಬ ಹಂಚಿಕೆಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ನಮ್ಮ ಶಾಸ್ತ್ರದ ಪೂರ್ವಿಕರು ಹೀಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಫ್ಲಾರೆನ್ಸ್ ನೈಟಿಂಗೇಲ್ ಮಹಾಶಯೆಯು ಆಸ್ಪತ್ರೆಗಳನ್ನು ಕುರಿತು 1859ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಿಟಕಿಗಳ ಸ್ಥಾನ, ಹಾಸಿಗೆಗಳ ನಡುವಣ ಅಂತರ, ಗೋಡೆಗೂ ಮೇಲ್ಛಾವಣಿಗೂ ಬಳಸಿದ ಗಾರೆ ತೇವವನ್ನು ಹೀರುವಂಥದೋ ಅಲ್ಲವೋ ಎಂಬಂಥ ವಿಷಯಗಳಿಗೆ ಔಷಧಿಗಿಂತ ಹೆಚ್ಚಿನ ಸ್ಥಳವನ್ನು ಕೊಟ್ಟಿದ್ದಾಳೆ. ಸೂಕ್ಷ್ಮಜೀವಿಗಳ ವಿಚಾರದಲ್ಲಿ ಆಕೆಯ ಕಾಲದ ತಿಳಿವಳಿಕೆ ಅಪೂರ್ಣವಾಗಿತ್ತು. ಆದರೂ ಕಟ್ಟಡವು ರೋಗಿಯ ದೇಹದೊಂದಿಗೆ ಸಂಬಂಧವುಳ್ಳದ್ದೆಂಬ ಆಕೆಯ ನಂಬಿಕೆ ಮಿಥ್ಯೆಯಾಗಿರಲಿಲ್ಲ. ಸೂಕ್ಷ್ಮದರ್ಶಕವು ಕೈಗೆ ಬಂದಮೇಲೆ ನಾವು ಗಾಜಿನ ಪಟ್ಟಿಯನ್ನು ಹೆಚ್ಚು ನೋಡತೊಡಗಿ, ಗೋಡೆಯನ್ನು ನೋಡುವುದನ್ನು ಬಿಟ್ಟೆವೆಂಬುದೇ ನನ್ನ ಅಭಿಪ್ರಾಯ.

ಆ ಗೋಡೆಯ ಕಡೆಗೆ ನನ್ನ ಮುಖವನ್ನು ತಿರುಗಿಸಿದ ಘಟನೆ 1990ರ ದಶಕದ ಮೊದಲ ಭಾಗದಲ್ಲಿ ನಡೆಯಿತು. ರಕ್ತದ ಕ್ಯಾನ್ಸರಿನ ರೋಗಿಗಳಿಗೆಂದು ಮೀಸಲಾದ ವಾರ್ಡು ಹಳೆಯ ಕಟ್ಟಡದಲ್ಲಿತ್ತು. ಮಳೆ ಹಿಡಿಯುವುದರೊಳಗಾಗಿ ಅದರ ಪಕ್ಕದ ಅಂಕಣದ ತಾರಸಿಯನ್ನು ಬಿಚ್ಚಿ ಹೊಸದು ಹಾಕಬೇಕೆಂದು ತೀರ್ಮಾನವಾಗಿ, ಕೆಲಸ ಪ್ರಾರಂಭವಾಯಿತು. ಎಷ್ಟೋ ದಶಕಗಳಿಂದ ಮಳೆಯ ತೇವವನ್ನು ಹೀರಿ, ಬಿಸಿಲಿಗೆ ಒಣಗಿ, ಮತ್ತೆ ಹೀರಿದ ಸುಣ್ಣದ ಗಾರೆ. ತೊಲೆಯ ಸಂದುಗಳಲ್ಲಿ ಪಾರಿವಾಳಗಳ ಹಿಕ್ಕೆ, ಗೂಡಿನ ಕಸ. ಅದನ್ನೆಲ್ಲ ಉಳಿಯಿಂದ ಎಬ್ಬಿಸಿ, ಬಾಂಡಲಿಯಲ್ಲಿ ತುಂಬಿ, ಮೇಲಿನಿಂದ ಅಂಗಳಕ್ಕೆ ಸುರಿಯುತ್ತಿದ್ದರು. ವಾರ್ಡಿನ ಕಿಟಕಿಗಳು ಸೆಕೆಗಾಗಿ ತೆರೆದೇ ಇದ್ದವು. ಕೆಲಸದ ಜಾಗಕ್ಕೂ ವಾರ್ಡಿಗೂ ನಡುವೆ ಎರಡು ಗೋಣಿತಾಟುಗಳನ್ನು ಇಳಿಬಿಟ್ಟಿದ್ದರು. ಅವು ಗಾಳಿ ಬಂದಾಗ ಪಟಪಟನೆ ಹಾರುತ್ತಿದ್ದವು.

ಆ ವಾರ್ಡಿನಲ್ಲಿ ಮಲೆನಾಡಿನ ಕಡೆಯ ಒಬ್ಬ ಹುಡುಗನಿದ್ದ. ಕಾಲೇಜಿಗೆ ಆಗತಾನೆ ಸೇರಿದ್ದ. ರೋಗವು ಔಷಧಕ್ಕೆ ಬಗ್ಗುತ್ತಿದೆಯೆಂದು ಚಿಕಿತ್ಸೆ ನಡೆಸುತ್ತಿದ್ದ ವೈದ್ಯರು ಸಂತೋಷಪಟ್ಟಿದ್ದರು. ಅವನ ತಾಯಿ ಹಾಸಿಗೆಯ ಪಕ್ಕದ ಕಪಾಟನ್ನು ದಿನಕ್ಕೆ ಹಲವು ಬಾರಿ ಸೆರಗಿನಿಂದ ಒರಸುತ್ತ, “ಬೆಳಿಗ್ಗೆ ಒರಸಿದ್ದು ಮಧ್ಯಾಹ್ನಕ್ಕೆ ಮತ್ತೆ ಹೀಗೇ ಆಗ್ತದಲ್ಲ ಸಿಸ್ಟರ್, ಇಷ್ಟು ಧೂಳು ಎಲ್ಲಿಂದ ಬರ್ತದೆ?” ಎಂದು ಕೇಳಿದುದನ್ನು ನಾನು ಕಫದ ಮಾದರಿಗಾಗಿ ಹೋಗಿದ್ದಾಗ ಕೇಳಿಸಿಕೊಂಡೆ. ಆ ವಾರ್ಡಿನಲ್ಲಿ ಅಂದು ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು. ಅದನ್ನು ಕೇಳಿದವಳು ಆ ತಾಯಿಯೊಬ್ಬಳೇ.

ಆಸ್ಪರ್ಜಿಲಸ್ ಎಂಬ ಶಿಲೀಂಧ್ರವು ಭೂಮಿಯ ಮೇಲೆ ಅತಿ ಸಾಮಾನ್ಯವಾದದ್ದು. ಕೊಳೆಯುವ ತರಗೆಲೆ, ಹಳೆಯ ಹುಲ್ಲು, ತೇವ ಹಿಡಿದ ಗಾರೆ, ಹಕ್ಕಿಯ ಹಿಕ್ಕೆ ಎಲ್ಲವೂ ಅದಕ್ಕೆ ಆವಾಸ. ಅದರ ಬೀಜಕಣದ ವ್ಯಾಸ ಸುಮಾರು 2ರಿಂದ 3.5 ಮೈಕ್ರಾನು, ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಿಶ್ಚಲವಾದ ಗಾಳಿಯಲ್ಲಿ ಆ ಕಣವು ಒಂದು ಮೀಟರಿನಷ್ಟು ಕೆಳಗಿಳಿಯಲು ಒಂದು ಗಂಟೆಯ ಹೊತ್ತು ಹಿಡಿಯುತ್ತದೆ. ಜನರ ಓಡಾಟ, ಬೀಸಣಿಗೆಗಳಿರುವ ವಾರ್ಡಿನಲ್ಲಾದರೆ ಇಳಿಯುವುದೇ ದುರ್ಲಭ. ತಾಯಿಯ ಸೆರಗಿಗೆ ಹತ್ತಿದ ಧೂಳು ನೆಲಕ್ಕಿಳಿದ ಧೂಳು. ಕೇಡು ಮಾಡತಕ್ಕದ್ದು ಕಣ್ಣಿಗೆ ಕಾಣದೆ ಮೂಗಿನ ಮಟ್ಟದಲ್ಲಿ ತೇಲುತ್ತಲೇ ಉಳಿದದ್ದು. ಅದು ಮೂಗಿನ ಕೂದಲನ್ನೂ ಶ್ವಾಸನಾಳದ ತೇವವನ್ನೂ ದಾಟಿ ಪುಪ್ಪುಸದ ಕಟ್ಟಕಡೆಯ ಗಾಳಿಗೂಡನ್ನು ಮುಟ್ಟಬಲ್ಲಷ್ಟು ಚಿಕ್ಕದು. ನಾವೆಲ್ಲರೂ ಪ್ರತಿದಿನವೂ ಅಂಥ ನೂರಾರು ಕಣಗಳನ್ನು ಉಸಿರಿನೊಂದಿಗೆ ಒಳಕ್ಕೆಳೆದುಕೊಳ್ಳುತ್ತೇವೆ. ಪುಪ್ಪುಸದ ಕಾವಲು ಕೋಶಗಳೂ ರಕ್ತದ ಬಿಳಿಯ ಕಣಗಳೂ ಅವನ್ನು ನಮಗರಿವಿಲ್ಲದೆಯೇ ನಾಶಮಾಡಿಬಿಡುತ್ತವೆ. ಆದರೆ ರಕ್ತದ ಕ್ಯಾನ್ಸರಿಗೆ ಔಷಧಿ ಪಡೆದವನ ದೇಹದಲ್ಲಿ, ಘನ ಮಿಲಿಮೀಟರಿಗೆ ಸಹಸ್ರಗಟ್ಟಲೆ ಇರಬೇಕಾದ ನ್ಯೂಟ್ರೊಫಿಲ್ ಎಂಬ ಆ ಕಣಗಳು 500ಕ್ಕಿಂತಲೂ ಕೆಳಕ್ಕಿಳಿದು, ಕೆಲವು ವಾರಗಳ ಕಾಲ ಕಾವಲೇ ಇಲ್ಲದಂತಾಗುತ್ತದೆ. ನಮಗೆ ನಿರುಪದ್ರವಿಯಾದ ಬೀಜವು ಅಲ್ಲಿ ಮೊಳೆಯುತ್ತದೆ, ರಕ್ತನಾಳಗಳೊಳಕ್ಕೆ ಬೆಳೆಯುತ್ತದೆ.

ಹುಡುಗನಿಗೆ ಜ್ವರ ಬಂದಿತು. ಯಾವ ಪ್ರತಿಜೀವಕಕ್ಕೂ ಇಳಿಯಲಿಲ್ಲ. ಆಮೇಲೆ ಕಫದಲ್ಲಿ ರಕ್ತ ಕಾಣಿಸಿತು. ಆ ಕಫವನ್ನು ಗಾಜಿನ ಮೇಲೆ ಹರಡಿ ನೋಡಿದಾಗ, ಅಡ್ಡಗೋಡೆಗಳುಳ್ಳ ನವುರಾದ ಎಳೆಗಳು ಕಿರಿಗೋನದಲ್ಲಿ ಕವಲೊಡೆದು ಹಬ್ಬಿದ್ದವು. ಶಿಲೀಂಧ್ರಗಳನ್ನು ಬೆಳೆಸುವ ಸಾಬೂರೋ ಮಾಧ್ಯಮದ ತಟ್ಟೆಗಳನ್ನು ವಾರ್ಡಿನ ಬೇರೆಬೇರೆ ಸ್ಥಳಗಳಲ್ಲಿ ತೆರೆದಿಟ್ಟು ತಂದು ಕಾವುಪೆಟ್ಟಿಗೆಯಲ್ಲಿಟ್ಟೆ. ಗೋಣಿತಾಟಿನ ಸಮೀಪದ ತಟ್ಟೆಗಳಲ್ಲಿ ಹಾಲು ಬಿಳುಪಿನ ಅಂಚಿನ ನಡುವೆ ಹೊಗೆಹಸುರಿನ ಮಕಮಲ್ಲು ತುಂಬಿಕೊಂಡಿತು, ಪಡಸಾಲೆಯ ದೂರದ ತುದಿಯಲ್ಲಿಟ್ಟದ್ದರಲ್ಲಿ ಹೆಚ್ಚೇನೂ ಬೆಳೆಯಲಿಲ್ಲ. ಆ ಕಾಲಕ್ಕೆ ನಮಗಿದ್ದ ಔಷಧ ಆಂಫೊಟೆರಿಸಿನ್ ಒಂದೇ. ಗಂಟೆಗಟ್ಟಲೆ ನಿಧಾನವಾಗಿ ರಕ್ತಕ್ಕೆ ಹನಿಸಬೇಕಾದ, ಹನಿಸುವಾಗ ರೋಗಿಯನ್ನು ಗಡಗಡನೆ ನಡುಗಿಸುವ, ಮೂತ್ರಪಿಂಡಗಳನ್ನು ಘಾಸಿಗೊಳಿಸುವ ಔಷಧ ಅದು. ಹುಡುಗ ಉಳಿಯಲಿಲ್ಲ.

ತಾರಸಿಯ ಗಾರೆಯೇ ಅವನನ್ನು ಕೊಂದಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಬೀಜಕಣವು ಎಲ್ಲೆಡೆಯೂ ಇರುವಂಥದು; ಮನೆಯಿಂದ ಬರುವಾಗಲೇ ಅವನ ಪುಪ್ಪುಸದಲ್ಲಿ ಅಡಗಿದ್ದಿರಬಹುದು, ಬಸ್ಸಿನಲ್ಲಿ ಸೇರಿಕೊಂಡಿದ್ದಿರಬಹುದು. ಒಳಹೊಕ್ಕ ದಿನಕ್ಕೂ ರೋಗ ತೋರಿದ ದಿನಕ್ಕೂ ನಡುವಣ ಅವಧಿ ಇಷ್ಟೇ ಎಂದು ಗೊತ್ತುಮಾಡಿ ಹೇಳುವಂತಿಲ್ಲ. ನನ್ನ ತಟ್ಟೆಗಳು ನ್ಯಾಯಸ್ಥಾನದಲ್ಲಿ ನಿಲ್ಲತಕ್ಕ ಸಾಕ್ಷ್ಯವಾಗಿರಲಿಲ್ಲ. ಆಡಳಿತದವರು ಈ ಅನಿಶ್ಚಯವನ್ನೇ ಹಿಡಿದು, ಸಿದ್ಧವಾಗದ ಸಂಗತಿಗಾಗಿ ಕೆಲಸ ನಿಲ್ಲಿಸುವುದು ಹೇಗೆಂದು ಕೇಳಿದರು. ಆಗಲೂ ಈಗಲೂ ನನ್ನ ಉತ್ತರ ಒಂದೇ: ಕಾರಣವನ್ನು ಸಿದ್ಧಪಡಿಸಬೇಕಾದ ಹೊಣೆ ಮಡಿದವನ ಮೇಲಿಲ್ಲ, ಕೇಡು ಸಂಭವಿಸಬಲ್ಲದೆಂದು ತಿಳಿದಮೇಲೆ ಅದನ್ನು ತಡೆಯುವುದು ಬದುಕಿರುವವರ ಕರ್ತವ್ಯ.

ಆ ದಿನಗಳಲ್ಲಿ ಗ್ರಂಥಾಲಯದ ಹಳೆಯ ಸಂಪುಟಗಳನ್ನು ತೆರೆದು ಕುಳಿತಾಗ, ನಾವು ಕಂಡದ್ದು ಅಪೂರ್ವವೇನೂ ಅಲ್ಲವೆಂಬುದು ತಿಳಿದುಬಂದಿತು. ಆಸ್ಪತ್ರೆಯ ನವೀಕರಣದ ಸಮಯದಲ್ಲಿ ಮೂತ್ರಪಿಂಡದ ಕಸಿಯಾದವರಿಗೆ ಇದೇ ಶಿಲೀಂಧ್ರದಿಂದ ಪುಪ್ಪುಸದ ರೋಗ ಬಂದುದನ್ನು ಅಮೆರಿಕದ ವೈದ್ಯರು 1978ರಲ್ಲಿಯೇ ಪ್ರಕಟಿಸಿದ್ದರು. ಅದಕ್ಕಿಂತಲೂ ನನ್ನ ಮನಸ್ಸನ್ನು ಕಲಕಿದ್ದು ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮನೋರೋಗಾಲಯದ ವೃತ್ತಾಂತ. 1965ರ ಬೇಸಗೆಯಲ್ಲಿ ಅಲ್ಲಿಯ 80ಕ್ಕೂ ಹೆಚ್ಚು ರೋಗಿಗಳು ಒಮ್ಮೆಲೇ ಉಗ್ರವಾದ ಶ್ವಾಸರೋಗಕ್ಕೆ ತುತ್ತಾದರು; ಹಲವರು ತೀರಿಕೊಂಡರು. ಕಾರಣ ತಿಳಿಯಲಿಲ್ಲ. ಆದರೆ ವಿವೇಕಿಗಳಾದ ಯಾರೋ ಅವರ ರಕ್ತದ್ರವವನ್ನು ಶೀತಲಪೆಟ್ಟಿಗೆಯಲ್ಲಿ ಕಾಪಿಟ್ಟಿದ್ದರು. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರಲ್ಲಿ ಅಂಥದೇ ರೋಗ ಹಬ್ಬಿ, ಮುಂದೆ ಲೀಜಿಯನೆಲ್ಲಾ ಎಂಬ ಹೆಸರು ಪಡೆದ ಅದರ ಬ್ಯಾಕ್ಟೀರಿಯ ಮರುವರ್ಷ ಪತ್ತೆಯಾದಮೇಲೆ, ಆ ಹಳೆಯ ರಕ್ತದ್ರವವನ್ನು ಹೊರತೆಗೆದು ಪರೀಕ್ಷಿಸಿದರು. ಅದೇ ರೋಗವೆಂದು ಸಿದ್ಧವಾಯಿತು. 1965ರಲ್ಲಿ ಆ ರೋಗಾಲಯದ ಹುಲ್ಲುಹಾಸಿಗೆ ನೀರು ಚಿಮ್ಮಿಸುವ ಕೊಳವೆ ಹೂಳುವುದಕ್ಕಾಗಿ ಆವರಣದಲ್ಲಿ ಮಣ್ಣು ಅಗೆದಿದ್ದರು. ತೆರೆದ ಕಿಟಕಿಗಳ ಬಳಿ ಮಲಗುತ್ತಿದ್ದವರಲ್ಲಿ ರೋಗ ಹೆಚ್ಚಾಗಿ ಕಂಡಿತ್ತು. ಉದ್ಯಾನವನ್ನು ಹಸುರಾಗಿಡುವ ನಿರ್ದುಷ್ಟವಾದ ಸಂಕಲ್ಪದಿಂದ ಹೊರಟ ಗುದ್ದಲಿಯಿಂದ ಇಷ್ಟು ಸಾವು ಸಂಭವಿಸಿತೆಂದು ಓದಿ, ಅಂದು ಬಹಳ ಹೊತ್ತು ಪುಸ್ತಕವನ್ನು ಮುಚ್ಚದೆ ಕುಳಿತಿದ್ದೆ.

ಇನ್ನು ಹೇಳಬೇಕಾದದ್ದು ಈ ನೆನಪುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು. ಆಡಳಿತದವರೊಡನೆ ವಾದಿಸಿ ಬಳಲಿದ ಒಂದು ಸಂಜೆ, ಕೆಲಸದವರೊಡನೆಯೇ ಮಾತನಾಡೋಣವೆಂದು ನಾನೂ, ನಮ್ಮ ಶುಶ್ರೂಷಾ ಮೇಲ್ವಿಚಾರಕಿಯೂ ತಾರಸಿಯ ಬಳಿಗೆ ಹೋದೆವು. ಮೇಸ್ತ್ರಿ ತುಮಕೂರಿನ ಕಡೆಯ ವೃದ್ಧ. ಕೂಲಿಯವರು ಬಹುಮಂದಿ ರಾಯಚೂರಿನ ಕಡೆಯಿಂದ ದುಡಿಯಲು ಬಂದವರು. ಅವರನ್ನೆಲ್ಲ ಪ್ರಯೋಗಶಾಲೆಗೆ ಕರೆತಂದು, ಹಸುರುಗಟ್ಟಿದ ತಟ್ಟೆಗಳನ್ನು ತೋರಿಸಿ, ಅವುಗಳಿಂದಲೇ ತೆಗೆದು ನೀಲಿ ಬಣ್ಣವೂಡಿದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಬ್ಬೊಬ್ಬರನ್ನೂ ನೋಡಹೇಳಿದೆವು. ಮೇಸ್ತ್ರಿ ಬಹಳ ಹೊತ್ತು ಕಣ್ಣಿಟ್ಟು ನೋಡಿ, “ಇಷ್ಟು ಸಣ್ಣದಾದ್ಮೇಲೆ ಗೋಣಿತಾಟು ಏನು ತಡೀತದೆ ಅಮ್ಮಾವ್ರೇ? ಸಂದಿಲ್ಲದ ಹಾಗೆ ಗೋಡೇನೇ ಹಾಕ್ಬೇಕು” ಎಂದ. ನಾನು ಪುಟಗಟ್ಟಲೆ ಬರೆದು ಆಡಳಿತಕ್ಕೆ ತಿಳಿಸಲಾರದೆ ಹೋದುದನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ. ಬಾಂಡಲಿ ಹೊರುತ್ತಿದ್ದ ಹೆಂಗಸೊಬ್ಬಳು ನೋಡಿದಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಧೂಳು ನಮಗ ಹೊಸಾದಲ್ರೀ ಅವ್ವಾರ. ಕೆಳಗ ಇಂಥಾ ಮಕ್ಕಳು ಮಲಗ್ಯಾವಂತ ನಮಗ ಯಾರೂ ಹೇಳಿದ್ದಿಲ್ಲ. ಹೇಳಿದ್ರ ನೀರ್ ಹೊಡದು ಹೊರತಿದ್ವಿ” ಎಂದಳು.

ಆಕೆಯ ಆ ಮಾತೇ ನನ್ನ ಮುಂದಿನ ಕೆಲಸಕ್ಕೆಲ್ಲ ಆಧಾರವಾಯಿತು. ಆಸ್ಪತ್ರೆಯಲ್ಲಿ ಗೋಡೆಯನ್ನು ಒಡೆಯುವವನು ಚಿಕಿತ್ಸೆಯಲ್ಲಿ ಪಾಲುಗೊಂಡವನೇ; ಶಸ್ತ್ರವೈದ್ಯನ ಸಹಾಯಕರಿಗೆ ರೋಗಿಯ ಸ್ಥಿತಿಯನ್ನು ಹೇಗೆ ಮುಂಚಿತವಾಗಿ ತಿಳಿಸುತ್ತೇವೆಯೋ ಹಾಗೆಯೇ ಇವನಿಗೂ ತಿಳಿಸತಕ್ಕದ್ದು. ಅಲ್ಲದೆ ಆ ಧೂಳು ಹೊರುವವರನ್ನೂ ಬಿಡುವುದಿಲ್ಲವೆಂಬುದನ್ನು ಮರೆಯಬಾರದು. ಬೀಜಕಣವು ವಾರ್ಡಿನ ರೋಗಿಯನ್ನು ದಿನಗಳಲ್ಲಿ ಕೆಡಿಸಿದರೆ, ಕಲ್ಲು, ಇಟ್ಟಿಗೆ, ಕಾಂಕ್ರೀಟುಗಳ ಮರಳುಧೂಳು ಕೂಲಿಯವನ ಪುಪ್ಪುಸವನ್ನು ವರ್ಷಗಳಲ್ಲಿ ಗಟ್ಟಿಗೊಳಿಸಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗಕ್ಕೆ ಗುರಿಮಾಡುತ್ತದೆ. ನೀರು ಚಿಮುಕಿಸಿ ಒಡೆಯುವುದರಿಂದ ಇಬ್ಬರಿಗೂ ರಕ್ಷೆ.

ಅಲ್ಲಿಂದ ಮುಂದೆ ನಾವು ಮಾಡಿದ ಏರ್ಪಾಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಮೇಸ್ತ್ರಿಯ ಬುದ್ಧಿಯಿಂದ ಬಂದವು. ನೆಲದಿಂದ ನಿಜವಾದ ಮಾಳಿಗೆಯವರೆಗೆ, ಎಂದರೆ ನಡುವೆ ತೂಗುಬಿಟ್ಟ ಹುಸಿ ಛಾವಣಿಯನ್ನೂ ದಾಟಿ, ಪ್ಲೈವುಡ್ಡಿನ ತಡೆಗೋಡೆ. ಅದರ ಎಲ್ಲ ಸಂದುಗಳಿಗೂ ಟೇಪಿನ ಮುಚ್ಚಿಕೆ. ಹುಸಿ ಛಾವಣಿಯ ಮಟ್ಟಕ್ಕೆ ನಿಲ್ಲಿಸಿದ ಗೋಡೆ ನೋಟಕ್ಕೆ ಮಾತ್ರ ಗೋಡೆ. ಗಾಳಿ ಅದರ ತಲೆಯ ಮೇಲಿನಿಂದ ನಿರಾತಂಕವಾಗಿ ಸಂಚರಿಸುತ್ತದೆ. ಕೆಲಸದ ಜಾಗದ ಹೊರಗಿಟಕಿಗೆ ಗಾಳಿಯನ್ನು ಹೊರಕ್ಕೆ ದಬ್ಬುವ ಪಂಖ. ಇದರಿಂದ ಒಳಗಿನ ಒತ್ತಡ ತಗ್ಗಿ, ವಾರ್ಡಿನ ಗಾಳಿ ಕೆಲಸದತ್ತ ಹರಿಯುವುದೇ ಹೊರತು ಕೆಲಸದ ಗಾಳಿ ವಾರ್ಡಿನತ್ತ ಬರುವುದಿಲ್ಲ. ಹಾಗೆ ಹರಿಯುತ್ತಿದೆಯೇ ಎಂದು ನೋಡುವುದಕ್ಕೆ ನಮ್ಮಲ್ಲಿ ಮಾಪಕವಿರಲಿಲ್ಲ. ಆಮ್ಲಜನಕದ ಸಮೀಪದಲ್ಲಿ ಬೆಂಕಿ ಕೂಡದಾದ್ದರಿಂದ ಊದುಬತ್ತಿಯ ಯೋಚನೆಯನ್ನು ಬಿಟ್ಟು, ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ತಡೆಗೋಡೆಯ ಬಾಗಿಲಿನ ಸಂದಿಗೆ ಕಟ್ಟಿದೆವು. ಪಟ್ಟಿ ಒಳಮುಖವಾಗಿ ಬಾಗಿದ್ದರೆ ಕೆಲಸ ನಡೆಯಬಹುದು, ನೆಟ್ಟಗೆ ನಿಂತರೆ ನಿಲ್ಲಬೇಕು. ಒಡೆದ ಕಸವನ್ನು ನೆನೆಸಿ, ಟಾರ್ಪಾಲು ಮುಚ್ಚಿ, ರೋಗಿಗಳು ಓಡಾಡದ ಹಿಂಬದಿಯ ಮೆಟ್ಟಿಲಿನಿಂದ ರಾತ್ರಿಯಲ್ಲಿ ಇಳಿಸುವುದು. ಹೊರಗೆ ಬರುವ ಕಾಲುಗಳಿಗೆ ಒದ್ದೆಯ ಚಾಪೆ. ಪೊರಕೆಯ ಬದಲು ಒದ್ದೆ ಬಟ್ಟೆ. ನ್ಯೂಟ್ರೊಫಿಲ್ ಇಳಿದ ರೋಗಿಗಳನ್ನು ಕಟ್ಟಡದ ಮತ್ತೊಂದು ಕೊನೆಗೆ ಸಾಗಿಸಿ, ಕಿಟಕಿಗಳನ್ನು ಮುಚ್ಚಿಸಿದೆವು. ಪರೀಕ್ಷೆಗೆಂದು ಅವರನ್ನು ಪಡಸಾಲೆಯಲ್ಲಿ ಕರೆದೊಯ್ಯಬೇಕಾದಾಗ ಮುಖವಸ್ತ್ರ ಕಟ್ಟಿಸಿದೆವು. ಹೆಪಾ ಎಂಬ ಶೋಧಕ, 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ನ್ನು ಹಿಡಿದಿಡುವ ಆ ಅದ್ಭುತ ಸಾಧನ, ನಮ್ಮ ಆಸ್ಪತ್ರೆಗೆ ಬಂದದ್ದು ಬಹಳ ತಡವಾಗಿ. ಅದು ಬರುವವರೆಗೆ ಕಾಯಬೇಕಾಗಿಲ್ಲವೆಂಬುದನ್ನು ಆ ಕಾಗದದ ಪಟ್ಟಿ ನನಗೆ ಕಲಿಸಿತು.

ಪಟ್ಟಿ ನೆಟ್ಟಗೆ ನಿಂತಾಗ ಕೆಲಸ ನಿಲ್ಲಿಸುವ ಅಧಿಕಾರ ಯಾರದೆಂಬ ಪ್ರಶ್ನೆಯೂ ಎದ್ದಿತು. ಆ ಅಧಿಕಾರವು ವಾರ್ಡಿನ ಸಿಸ್ಟರಿಗೆ ಇರತಕ್ಕದ್ದೆಂದು ಮೇಲ್ವಿಚಾರಕಿ ಪಟ್ಟುಹಿಡಿದಳು; ಏಕೆಂದರೆ ಹಗಲೂ ಇರುಳೂ ಅಲ್ಲಿರುವವಳು ಅವಳೊಬ್ಬಳೇ. ಗುತ್ತಿಗೆದಾರರು ಮುನಿದರು, ಇಂಜಿನಿಯರು ಕೆಲಕಾಲ ಮಾತು ಬಿಟ್ಟರು. ಉದ್ಘಾಟನೆಯ ದಿನ ನಿಶ್ಚಯವಾದ ಕಟ್ಟಡಗಳಲ್ಲಂತೂ ಪ್ರತಿಯೊಂದು ಗಂಟೆಗೂ ಜಗಳವಾಯಿತು. ಆಕೆ ಸೋಲಲಿಲ್ಲ. ನಿವೃತ್ತಿಯಾಗಿ ಬಹಳ ವರ್ಷಗಳಾದರೂ, ಹಳೆಯ ಸಿಸ್ಟರುಗಳು ಸೇರಿದಾಗ ಮೊದಲು ನೆನೆಯುವುದು ಆಕೆಯನ್ನೇ.

ನೀರಿನ ವಿಷಯವನ್ನೂ ಒಂದು ಮಾತು ಹೇಳಿ ಮುಂದುವರಿಯಬೇಕು. ದುರಸ್ತಿಗಾಗಿ ಮುಚ್ಚಿದ ಭಾಗದ ಕೊಳವೆಗಳಲ್ಲಿ ನೀರು ವಾರಗಟ್ಟಲೆ ನಿಂತು ಬೆಚ್ಚಗಾದಾಗ, ಕೊಳವೆಯ ಒಳಮೈಗೆ ಅಂಟಿದ ಲೋಳೆಯಲ್ಲಿ ಸ್ಯೂಡೊಮೊನಾಸ್, ಲೀಜಿಯನೆಲ್ಲಾ ಮುಂತಾದವು ಸಮೃದ್ಧಿಯಾಗುತ್ತವೆ. ಮತ್ತೆ ನಲ್ಲಿ ತಿರುವಿದಾಗ, ಇಲ್ಲವೆ ಕೊಳವೆಗೆ ಪೆಟ್ಟು ಬಿದ್ದಾಗ, ಆ ಲೋಳೆ ಕಳಚಿ ನೀರಿನೊಂದಿಗೆ ಬರುತ್ತದೆ. ಹೊಸ ವಾರ್ಡಿನ ನಲ್ಲಿಗಳನ್ನು ರೋಗಿಗಳು ಬರುವ ಮುನ್ನ ಚೆನ್ನಾಗಿ ಹರಿಯಬಿಟ್ಟು ಪರೀಕ್ಷಿಸುವುದು ಕಷ್ಟದ ಕೆಲಸವಲ್ಲ. ಆದರೂ ಇದನ್ನು ಮರೆಯುವ ಆಸ್ಪತ್ರೆಗಳೇ ಹೆಚ್ಚೆಂದು ನನ್ನ ಅನುಭವ.

2003ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಆಸ್ಪತ್ರೆಗಳ ಪರಿಸರವನ್ನು ಕುರಿತ ವಿಸ್ತಾರವಾದ ಮಾರ್ಗಸೂಚಿಯನ್ನು ಹೊರಡಿಸಿದಾಗ, ಅದರ ನಿರ್ಮಾಣಕಾರ್ಯದ ಅಧ್ಯಾಯವನ್ನು ನಾನು ಬಂಧುವೊಬ್ಬರ ಪತ್ರವನ್ನು ಓದುವ ತವಕದಿಂದ ಓದಿದೆ. ಆ ವೇಳೆಗಾಗಲೇ ಅಲ್ಲಿ ಬಳಕೆಗೆ ಬಂದಿದ್ದ ಕೋಷ್ಟಕವೊಂದರಲ್ಲಿ, ಒಂದು ಪಕ್ಕಕ್ಕೆ ಕೆಲಸದ ನಾಲ್ಕು ತರಗತಿಗಳು, ಗೋಡೆಗೆ ಬಣ್ಣ ಬಳಿಯುವುದರಿಂದ ಹಿಡಿದು ಕಟ್ಟಡವನ್ನು ಕೆಡಹುವವರೆಗೆ. ಇನ್ನೊಂದು ಪಕ್ಕಕ್ಕೆ ಸ್ಥಳದ ನಾಲ್ಕು ತರಗತಿಗಳು, ಕಚೇರಿಯ ಕೋಣೆಯಿಂದ ಹಿಡಿದು ಅಸ್ಥಿಮಜ್ಜೆಯ ಕಸಿಯ ವಾರ್ಡಿನವರೆಗೆ. ಇವೆರಡೂ ಕೂಡುವ ಮನೆಯಲ್ಲಿ ಎಷ್ಟು ಎಚ್ಚರಿಕೆ ಬೇಕೆಂಬ ವಿಧಿ. ಸರಳವಾದ, ಯಾರಿಗಾದರೂ ಅರ್ಥವಾಗತಕ್ಕ ಏರ್ಪಾಡು. ಅದರ ಹಿರಿಯ ಗುಣವೆಂದರೆ, ಕೆಲಸ ಪ್ರಾರಂಭವಾಗುವುದಕ್ಕೆ ಮೊದಲೇ ಇಂಜಿನಿಯರು, ವೈದ್ಯ, ದಾದಿ ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು. ಈಗ ನಮ್ಮ ದೇಶದಲ್ಲಿಯೂ ಮಾನ್ಯತೆ ಬಯಸುವ ಆಸ್ಪತ್ರೆಗಳು ಇಂಥ ಪತ್ರಗಳನ್ನು ಸಿದ್ಧಪಡಿಸುತ್ತವೆ. ಆದರೆ ಆ ಮೇಜಿನ ಸುತ್ತ ಮೇಸ್ತ್ರಿಗೆ ಕುರ್ಚಿಯಿರುವುದನ್ನು ನಾನು ಕಂಡದ್ದು ಬಹಳ ವಿರಳ. ಪತ್ರಕ್ಕೆ ರುಜು ಬಿದ್ದಿರುತ್ತದೆ, ಬಾಂಡಲಿ ಹೊರುವವಳಿಗೆ ಕೆಳಗೆ ಯಾರು ಮಲಗಿದ್ದಾರೆಂಬುದು ತಿಳಿದಿರುವುದಿಲ್ಲ.

ಶಿಲೀಂಧ್ರವೂ ಮನುಷ್ಯನನ್ನು ಕೊಲ್ಲಬಲ್ಲದೆಂಬ ಮಾತು ನಮ್ಮ ಜನಕ್ಕೆ ಮನದಟ್ಟಾದದ್ದು 2021ರಲ್ಲಿ, ಕೋವಿಡಿನ ಬೆನ್ನಲ್ಲೇ ಕಪ್ಪು ಶಿಲೀಂಧ್ರದ ರೋಗ ಹಬ್ಬಿದಾಗ. ಅದಕ್ಕೆ ಮಧುಮೇಹವೂ ಸ್ಟೆರಾಯ್ಡಿನ ಬಳಕೆಯೂ ಮುಖ್ಯ ಕಾರಣಗಳು; ಕಟ್ಟಡಗಳ ಮೇಲೆ ಆ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಔಷಧಗಳೂ ಈಗ ಉತ್ತಮಗೊಂಡಿವೆ. ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್ ಬಂದು ಎರಡು ದಶಕಗಳು ಕಳೆದಿವೆ. ಹೀಗಿದ್ದರೂ ರಕ್ತದ ಕಣಗಳು ಕುಸಿದವನಲ್ಲಿ ಈ ರೋಗವು ಬೇರೂರಿದಮೇಲೆ ಗೆಲ್ಲುವುದು ಇಂದಿಗೂ ಕಠಿನ. ಇತ್ತ ಊರೂರಿನ ಆಸ್ಪತ್ರೆಗಳಲ್ಲಿ ಕ್ಯಾನ್ಸರಿನ ಚಿಕಿತ್ಸೆ, ಅಂಗಗಳ ಕಸಿ ನಡೆಯತೊಡಗಿವೆ. ಅದೇ ಆಸ್ಪತ್ರೆಗಳಲ್ಲಿ ಮಹಡಿಯ ಮೇಲೆ ಮಹಡಿಯೂ ಏಳುತ್ತಿದೆ.

ಆದುದರಿಂದ ಆಸ್ಪತ್ರೆಗಳ ಆಡಳಿತ ಮಂಡಲಿಗಳಲ್ಲಿರುವವರನ್ನೂ, ತಂದೆತಾಯಿಗಳ ನೆನಪಿಗೆಂದು ವಾರ್ಡುಗಳನ್ನು ಕಟ್ಟಿಸಿಕೊಡುವ ಮಹನೀಯರನ್ನೂ ನಾನು ಬೇಡಿಕೊಳ್ಳುವುದಿಷ್ಟು. ಕಾಮಗಾರಿಯ ಅಂದಾಜುಪಟ್ಟಿ ನಿಮ್ಮ ಮುಂದೆ ಬಂದಾಗ, ಸಿಮೆಂಟು, ಕಬ್ಬಿಣ, ಕಲ್ಲುಗಳ ಸಾಲಿನಲ್ಲಿ ತಡೆಗೋಡೆಗೆ, ಪಂಖಕ್ಕೆ, ಕೆಲಸದವರ ಮುಖವಸ್ತ್ರಕ್ಕೆ ಹಣವಿಟ್ಟಿದೆಯೇ ಎಂದು ನೋಡಿ. ಇಲ್ಲವಾದರೆ ರುಜು ಹಾಕುವ ಮೊದಲು ಸೇರಿಸಿ. ಮೊದಲ ಸುತ್ತಿಗೆಯ ಪೆಟ್ಟು ಬೀಳುವ ಮುನ್ನ, ಗೋಡೆಯ ಆಚೆ ಯಾರು ಮಲಗಿದ್ದಾರೆಂಬುದನ್ನು ಮೇಸ್ತ್ರಿಗೂ ಕೂಲಿಯವರಿಗೂ ನೀವೇ ನಿಂತು ಹೇಳಿ.